ಹದಿನೇಳನೆಯ ಮರಕ್ಕೆ ನೀರು

ಮಾರ್ಚ್ ೪, ಸೋಮವಾರ

ಮನೆಯಲ್ಲಿ ಬೈಯುವುದಕ್ಕೆ ಯಾರೂ ಉಳಿದಿಲ್ಲವಾದ್ದರಿಂದ ಈ ಪುಸ್ತಕ ತೆರೆದಿದ್ದೇನೆ. ಆಫೀಸಿನದೇ ಪುಸ್ತಕ, ರಟ್ಟಿನ ಮೇಲೆ ‘ಮಳೆ ಮಾಪನ’ ಎಂದು ಅಚ್ಚಾಗಿದೆ. ಮಳೆ ಬರಲಿಲ್ಲ, ಪುಟಗಳು ಖಾಲಿ ಉಳಿದವು. ನಾನು ತುಂಬಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ನಾದಿನಿ ಮನೆ ಬಿಟ್ಟು ಇವತ್ತಿಗೆ ಒಂಬತ್ತು ದಿನ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದವಳು. ಅವಳ ಅಣ್ಣ, ಅಂದರೆ ನನ್ನ ಯಜಮಾನರು, ಸತ್ತ ಮೇಲೂ ಆರು ವರ್ಷ ನನ್ನ ಜೊತೆಗೇ ಇದ್ದವಳು. ಈಗ ತನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಸಾರ ಹೂಡಿದ್ದಾಳೆ. ಕಾರಣ ನಾನಾಡಿದ ಒಂದೇ ಒಂದು ಮಾತು. ನಲವತ್ತೆಂಟು ವರ್ಷದ ಅವಳನ್ನು ಮದುವೆಯಾಗುತ್ತೇನೆಂದು ಕನ್ನಡಕದಂಗಡಿಯವರು ಮನೆಗೆ ಬಂದು ಕೂತಿದ್ದರು. ಚಹಾ ಕೊಡುತ್ತ ನಾನು, “ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ, ನಿಮ್ಮ ಕಣ್ಣು ಯಾರಿಗಾದ್ರೂ ತೋರಿಸಿದ್ದೀರಾ?” ಎಂದೆ. ತಮಾಷೆಗೆ. ಅವರು ನಕ್ಕರು, ಆದರೆ ಅರ್ಧ ಲೋಟ ಚಹಾ ಬಿಟ್ಟು ಎದ್ದರು. ನಾದಿನಿ ನಗಲಿಲ್ಲ. ಮರುದಿನ ಎರಡು ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, “ಅತ್ತಿಗೆ, ನಿಮಗೆ ನಿಮ್ಮ ನಾಲಿಗೆ ಒಂದಿದ್ರೆ ಸಾಕು. ಬೇರೆ ಜನ ಯಾಕೆ?” ಎಂದು ಹೋದಳು.

ಸಾಕು ಅಂದರೆ ಸಾಕು. ಒಬ್ಬಳಿಗೆ ಅಡುಗೆ ಎಷ್ಟು ಸುಲಭ! ಬಚ್ಚಲು ಯಾವಾಗಲೂ ಖಾಲಿ. ರೇಡಿಯೋ ನನ್ನ ಇಷ್ಟದ್ದು. ಸ್ವರ್ಗ ಅಂದರೆ ಇದೇ ಇರಬೇಕು, ಅದಕ್ಕೇ ಅಲ್ಲಿಂದ ಯಾರೂ ಕಾಗದ ಬರೆಯುವುದಿಲ್ಲ.

ಮಾರ್ಚ್ ೭, ಗುರುವಾರ

ಅರಣ್ಯ ಸಂಶೋಧನಾ ಕೇಂದ್ರದಲ್ಲಿ ನಾನು ಅಳತೆ ಸಹಾಯಕಿ. ಇಪ್ಪತ್ತೊಂಬತ್ತು ವರ್ಷದಿಂದ ಮರಗಳ ಸೊಂಟದ ಸುತ್ತಳತೆ ತೆಗೆಯುತ್ತಿದ್ದೇನೆ. ನನ್ನ ಸೊಂಟ ಹೇಗಿದೆ ಎಂದು ಒಬ್ಬರೂ ಕೇಳಿಲ್ಲ. ಇನ್ನು ಒಂಬತ್ತು ತಿಂಗಳು, ನಿವೃತ್ತಿ. ಅಷ್ಟರೊಳಗೆ ವಿಜ್ಞಾನಕ್ಕೆ ನನ್ನಿಂದ ಇನ್ನೊಂದು ಸೇವೆ ಆಗಬೇಕಂತೆ.

ಹೊಸ ಮೇಡಂಗೆ ನನ್ನ ಅರ್ಧದಷ್ಟು ವಯಸ್ಸು, ನನ್ನ ಎರಡರಷ್ಟು ಉತ್ಸಾಹ. ಗುಡ್ಡದ ಪೈನ್ ಮರಗಳಿಗೆ ತೊಗಟೆ ಹುಳ ಬರುತ್ತಿದೆ. ಅಕ್ಕಿಕಾಳಿನ ಗಾತ್ರದ ಕರಿ ದುಂಬಿ. ತೊಗಟೆ ಕೊರೆದು ಒಳಗೆ ಮೊಟ್ಟೆ ಇಟ್ಟು, ವಾಸನೆ ಬಿಟ್ಟು ನೆಂಟರಿಷ್ಟರನ್ನೆಲ್ಲ ಕರೆಯುತ್ತದೆ. ಮರದ ಕೈಯಲ್ಲಿರುವ ಆಯುಧ ಒಂದೇ, ರಾಳ. ಹುಳ ತೂತು ಕೊರೆದ ಕಡೆ ಅಂಟಂಟು ರಾಳವನ್ನು ಒತ್ತಿ ಸುರಿಸಿ ಅದನ್ನು ಮುಳುಗಿಸಿ ಆಚೆ ತಳ್ಳಬೇಕು. ಮಳೆ ಕಮ್ಮಿಯಾಗಿ ಬಿಸಿಲು ಹೆಚ್ಚಿದಾಗ ಈ ರಾಳ ಎಷ್ಟು ಇಳಿಯುತ್ತದೆ ಎಂಬುದು ಮೇಡಂ ಪ್ರಶ್ನೆ. ಹೊಟ್ಟೆಗಿಲ್ಲದವನಿಗೆ ಜಗಳವಾಡುವ ಶಕ್ತಿ ಇರುವುದಿಲ್ಲ ಎಂದು ನಾನು ನಿಂತ ಕಾಲಲ್ಲೇ ಹೇಳಬಲ್ಲೆ, ಆದರೆ ನನ್ನ ಮಾತಿಗೆ ಅಡಿಟಿಪ್ಪಣಿ ಇಲ್ಲವಲ್ಲ.

ಗುಡ್ಡದಲ್ಲಿ ಎರಡು ತುಂಡು ಜಾಗ ಗುರುತು ಮಾಡಿದ್ದೇವೆ. ಒಂದರಿಂದ ಇಪ್ಪತ್ತನೆಯ ನಂಬರಿನ ಮರಗಳು ಒಣ ತುಂಡು. ಬರುವ ಒಂದೆರಡು ಮಳೆಯೂ ಬೀಳಬಾರದೆಂದು ಬುಡಗಳ ಮೇಲೆ ಪ್ಲಾಸ್ಟಿಕ್ ಚಾವಣಿ, ಪಕ್ಕದ ನೀರು ಜಿನುಗಬಾರದೆಂದು ಸುತ್ತ ಕಾಲುವೆ. ಇಪ್ಪತ್ತೊಂದರಿಂದ ನಲವತ್ತು ಹಸಿ ತುಂಡು, ಅವಕ್ಕೆ ನೀರು ಬಿಡಬೇಕು. ಎರಡಕ್ಕೂ ಅಂಗಿ ಗುಂಡಿಯಷ್ಟು ಅಗಲದ ತೂತು ಹೊಡೆದು, ಕೆಳಗೆ ಗಾಜಿನ ನಳಿಗೆ ಕಟ್ಟಿ, ಒಂದು ದಿನದಲ್ಲಿ ಎಷ್ಟು ರಾಳ ಇಳಿಯಿತೆಂದು ತೂಗಬೇಕು.

ಜೂನಿನೊಳಗೆ ನಿರ್ದೇಶಕರು ತೀರ್ಮಾನ ಮಾಡುತ್ತಾರೆ. ಗುಡ್ಡದಲ್ಲಿ ನಾನೂರ ಇಪ್ಪತ್ತು ಮರಗಳಿವೆ, ಒತ್ತೊತ್ತಾಗಿ. ಮೂರಕ್ಕೊಂದರಂತೆ ಕಡಿದರೆ ಉಳಿದವಕ್ಕೆ ನೀರು ಸಾಕಾಗಿ ತಾವೇ ಹೋರಾಡುತ್ತವೆ ಎಂದು ಮೇಡಂ. ಹುಳ ಹರಡುವ ಮೊದಲು ಅಷ್ಟನ್ನೂ ನೆಲಸಮ ಮಾಡಿಬಿಡೋಣ ಎಂದು ನಿರ್ದೇಶಕರು. ನೆಗಡಿಯಾದರೆ ಮೂಗು ಕೊಯ್ಯುವ ಪೈಕಿ ಅವರು.

ಮಾರ್ಚ್ ೧೯, ಮಂಗಳವಾರ

ಹಸಿ ತುಂಡಿಗೆ ಮೂರು ದಿನಕ್ಕೊಮ್ಮೆ ಪೈಪಿನಲ್ಲಿ ನೀರು ಬಿಡುವುದು ನನ್ನ ಪಾಲಿಗೆ. ಮರಕ್ಕೆ ಇಂತಿಷ್ಟೇ ನಿಮಿಷ, ಗಡಿಯಾರ ನೋಡಿಕೊಂಡು ನಿಲ್ಲಬೇಕು. ನೀರಿನ ತೊಟ್ಟಿ ಗುಡ್ಡದ ನೆತ್ತಿಯಲ್ಲಿದೆ, ನಲ್ಲಿಯೂ ಅಲ್ಲೇ, ನೂರ ಹದಿನಾಲ್ಕು ಮೆಟ್ಟಿಲು ಮೇಲೆ. ಕಟ್ಟಿಸಿದ ಪುಣ್ಯಾತ್ಮನಿಗೆ ಮಂಡಿ ಎಂಬ ಅಂಗವೇ ಇರಲಿಲ್ಲವೆಂದು ಕಾಣುತ್ತದೆ.

ಸಮಸ್ಯೆ ಊಟದ ಹೊತ್ತಿನದು. ಅರ್ಧ ಗಂಟೆಗಾಗಿ ಮೆಟ್ಟಿಲು ಹತ್ತಿ ನಲ್ಲಿ ಮುಚ್ಚಿ, ಇಳಿದು ಉಂಡು, ಮತ್ತೆ ಹತ್ತಿ ತೆರೆದು ಇಳಿಯಬೇಕು. ನನ್ನ ಮಂಡಿ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಪೈಪನ್ನು ಹಸಿ ಮರದ ಬುಡದಲ್ಲೇ ಬಿಟ್ಟರೆ ಅದರ ಲೆಕ್ಕ ಕೆಡುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಅಳತೆ ತಪ್ಪಿಸಿದವಳಲ್ಲ ನಾನು. ದಾರಿಗೆ ಬಿಟ್ಟರೆ ಕೆಸರಾಗಿ ಜಾರುತ್ತದೆ, ಮೊನ್ನೆ ಜಾರಿಯೂ ಆಯಿತು. ಆದ್ದರಿಂದ ಇವತ್ತು ಪೈಪನ್ನು ದಾರಿಯ ಆಚೆ ಬದಿಗೆ ಎಳೆದು ಬಿಟ್ಟೆ. ಆಚೆ ಬದಿಯೆಂದರೆ ಒಣ ತುಂಡಿನ ಮೂಲೆ, ಹದಿನೇಳನೆಯ ಮರದ ಬುಡ. ಅಲ್ಲೇ ಕೂರಲು ಚಪ್ಪಟೆ ಬಂಡೆಯೂ ಇದೆ, ನೆರಳೂ ಇದೆ.

ಹಸಿ ತುಂಡಿನ ಲೆಕ್ಕದಲ್ಲಿ ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಒಣ ತುಂಡಿನ ಹಾಳೆಯಲ್ಲಿ ನೀರಿನ ಕಾಲಂ ಇಲ್ಲವೇ ಇಲ್ಲ. ಕಾಲಂ ಇಲ್ಲದ ಮೇಲೆ ತಪ್ಪು ಬರೆಯಲು ಜಾಗವೆಲ್ಲಿ?

ಮಾರ್ಚ್ ೨೫, ಸೋಮವಾರ

ಬ್ರೆಡ್ಡು, ಬೇಯಿಸಿದ ಮೊಟ್ಟೆ. ಹದಿನೇಳರ ನೆರಳಲ್ಲಿ ಊಟ. ಪೈಪು ಅಲ್ಲೇ. ಅರ್ಧ ಗಂಟೆ ನೀರಿಗೆ ಮರಕ್ಕೇನಾಗುತ್ತದೆ, ನೆಗಡಿಯೇ?

ಏಪ್ರಿಲ್ ೨, ಮಂಗಳವಾರ

ಮೊದಲ ತೂಕ ಬಂತು. ಮೇಡಂ ಮುಖ ನೋಡಬೇಕಿತ್ತು. ಬಾಯಾರಿದ ಮರಗಳೇ ಹೊಟ್ಟೆ ತುಂಬಿದವಕ್ಕಿಂತ ಸ್ವಲ್ಪ ಹೆಚ್ಚು ರಾಳ ಸುರಿಸಿವೆ!

“ತಲೆಕೆಳಗಾಯ್ತಲ್ಲ ಮೇಡಂ ನಿಮ್ಮ ವಿಜ್ಞಾನ” ಎಂದೆ.

“ಇಲ್ಲಮ್ಮ, ಹೀಗಾಗಬಹುದು ಅಂತ ಓದಿದ್ದೆ. ನೀರು ಸ್ವಲ್ಪ ಕಮ್ಮಿಯಾದ್ರೆ ಮರ ಮೊದಲು ಬೆಳೆಯೋದನ್ನ ನಿಲ್ಲಿಸುತ್ತೆ. ಉಳಿದ ಶಕ್ತೀನೆಲ್ಲ ರಾಳಕ್ಕೆ ಹಾಕುತ್ತೆ. ನೋಡೋರಿಗೆ ಭಾರೀ ಗಟ್ಟಿಯಾಗಿದೆ ಅನ್ಸುತ್ತೆ. ಇನ್ನೂ ಒಣಗಿದ್ರೆ ಗೊತ್ತಾಗುತ್ತೆ, ಒಳಗೆ ಏನೂ ಉಳಿದಿರಲ್ಲ.”

ಅಂದರೆ ಬೆಳೆಯುವುದು ನಿಂತ ಮೇಲೆ ಬರೀ ಅಂಟು, ಬರೀ ಕಹಿ. ನಾದಿನಿ ಪಕ್ಕದಲ್ಲಿದ್ದಿದ್ದರೆ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು. ಇಲ್ಲದಿರುವುದೇ ಒಳ್ಳೆಯದಾಯಿತು.

ಏಪ್ರಿಲ್ ೧೫, ಸೋಮವಾರ

ಬಿಸಿಲು ಹೇಗಿದೆಯೆಂದರೆ ಸುತ್ತಿಗೆಯ ಹಿಡಿ ಮುಟ್ಟಲಾಗುತ್ತಿಲ್ಲ. ಒಣ ತುಂಡಿನವರ ಜಂಭ ಇಳಿಯಿತು. ಎರಡು ವಾರದ ಹಿಂದೆ ಐದು ಗ್ರಾಂ ಕೊಡುತ್ತಿದ್ದವು ಈಗ ಎರಡಕ್ಕೆ, ಒಂದಕ್ಕೆ ಬಂದಿವೆ. ಹದಿನೇಳು ಮಾತ್ರ ಆರು ಗ್ರಾಂ. ನಳಿಗೆ ತುಂಬಿ ಹೊರಗೂ ಇಳಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಪೈಪಿನ ವಿಷಯ ಹೇಳಬೇಕಿತ್ತೋ ಏನೋ. ಆದರೆ ಮೇಡಂ ಕೇಳಲಿಲ್ಲ. ನೆಲದ ತೇವ ನೋಡುವ ಕಡ್ಡಿ ತುಂಡಿನ ನಟ್ಟನಡುವೆ ನೆಟ್ಟಿದ್ದಾರೆ. ಮೂಲೆಯ ಸುದ್ದಿ ಅದಕ್ಕೇನು ಗೊತ್ತು?

ಊಟದ ಹೊತ್ತಿಗೆ ಒಂದಷ್ಟು ಮಾತಾಡಿದೆ. ಯಾರ ಜೊತೆ ಎಂದು ಬರೆದರೆ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ನಾದಿನಿಯ ಕೋಣೆಗೆ ಕಿಟಕಿ ಒಂದೇ, ಅದೂ ಪಶ್ಚಿಮಕ್ಕೆ, ಈ ಸೆಕೆಯಲ್ಲಿ ಹೇಗಿರುತ್ತಾಳೋ ಎಂದು ಹೇಳುತ್ತಿದ್ದೆ. ಎದುರಿನವರು ಒಂದು ಮಾತೂ ಆಡಲಿಲ್ಲ. ಹೀಗೆ ಕೇಳುವವರನ್ನು ನಾನು ಈವರೆಗೆ ಕಂಡಿರಲಿಲ್ಲ. ನಲ್ಲಿ ಮುಚ್ಚಲು ಹೋದಾಗ ನೋಡಿದರೆ ಅರ್ಧ ಗಂಟೆಯ ಬದಲು ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು.

ಏಪ್ರಿಲ್ ೧೭, ಬುಧವಾರ

ನೀರಿನ ಸರದಿ ನಾಳೆ. ಇವತ್ತೂ ಹೋಗಿ ಪೈಪು ಬಿಟ್ಟೆ. ಪೈಪು ಒಣಗಿ ಬಿರುಕು ಬಿಟ್ಟೀತೆಂದು. ಆಫೀಸಿನ ಸಾಮಾನು, ನಾವೇ ಜೋಪಾನ ಮಾಡಬೇಕು.

ಏಪ್ರಿಲ್ ೨೯, ಸೋಮವಾರ

ಹುಳ ಬಂತು. ಪೂರ್ವದ ಇಳಿಜಾರಿನಿಂದ ಹಾರಿ ಬಂದು ನೇರ ಒಣ ತುಂಡಿಗೇ ನುಗ್ಗಿದೆ. ದುರ್ಬಲರ ವಿಳಾಸ ಅದಕ್ಕೆ ಯಾರು ಕೊಡುತ್ತಾರೋ. ಹನ್ನೊಂದು ಮರದ ಬುಡದಲ್ಲಿ ಕಂದು ಪುಡಿ ಬಿದ್ದಿದೆ, ಕಾಫಿಪುಡಿ ಚೆಲ್ಲಿದ ಹಾಗೆ. ಆ ಪುಡಿ ಬಿತ್ತೆಂದರೆ ಹುಳ ಒಳಹೊಕ್ಕಿತು, ಮರ ಸೋತಿತು ಎಂದರ್ಥ. ಮೇಡಂ ಒಂದೊಂದೇ ನಂಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಾಲ್ಕು, ಐದು, ಎಂಟು. ಹದಿನಾರು. ಮುಂದಿನ ನಂಬರು ಹೇಳುವ ಮೊದಲೇ ತಲೆಯೆತ್ತಿ ನೋಡಿದೆ.

ಹದಿನೇಳರ ಮೈಮೇಲೆ ನಲವತ್ತು ಕಡೆ ಬಿಳಿ ರಾಳದ ಗಂಟುಗಳು. ಒಂದೊಂದು ಗಂಟಿನಲ್ಲೂ ಒಂದೊಂದು ಹುಳ ಸಿಕ್ಕಿ ಸತ್ತಿದೆ. ಬುಡದಲ್ಲಿ ಒಂದು ಚಿಟಿಕೆ ಪುಡಿಯಿಲ್ಲ.

“ಭಲೇ” ಎಂದೆ. ಮೇಡಂ ತಿರುಗಿ ನೋಡಿದರು. ಕೆಮ್ಮಿದೆ.

ಮೇ ೬, ಸೋಮವಾರ

ಅಜ್ಜಿಗೆ ಅರಿವೆಯ ಚಿಂತೆಯಾದರೆ ನಮ್ಮ ನಿರ್ದೇಶಕರಿಗೆ ಪತ್ರಿಕೆಯಲ್ಲಿ ಫೋಟೋದ ಚಿಂತೆ. ಹದಿನೇಳರ ಅಂಕಿ ಕೇಳಿ ಕಾರಿನಲ್ಲಿ ಗುಡ್ಡಕ್ಕೇ ಬಂದುಬಿಟ್ಟರು. ಹದಿಮೂರು ವರ್ಷದಲ್ಲಿ ಎರಡನೆಯ ಸಲ. ಮರದ ಸುತ್ತ ಒಂದು ಸುತ್ತು ಬಂದು, ರಾಳ ಮುಟ್ಟಿ, ಬೆರಳು ಅಂಟಿಕೊಂಡು, ಸೀಮೆಎಣ್ಣೆ ತರಿಸಿ ತೊಳೆದುಕೊಂಡು ಅಪ್ಪಣೆ ಕೊಡಿಸಿದರು: “ಅದೇ ಬಿಸಿಲು, ಅದೇ ಬರ. ಪಕ್ಕದವೆಲ್ಲ ಸತ್ತಿವೆ, ಇದು ನಿಂತಿದೆ. ಇದು ಜಾತಿ ಮರ ಕಣ್ರೀ! ನೀರು, ಬಿಸಿಲು ಎಲ್ಲ ನೆಪ. ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಮೇಡಂ ಮೆಲ್ಲಗೆ, “ಸರ್, ಒಂದೇ ಮರ ನೋಡಿ ಹೇಳೋಕಾಗಲ್ಲ” ಎಂದರು. ಆದರೆ ಅವರ ಕಣ್ಣೂ ಹೊಳೆಯುತ್ತಿತ್ತು. ಬರಕ್ಕೂ ಹುಳಕ್ಕೂ ಜಗ್ಗದ ಮರವನ್ನು ಕಂಡುಹಿಡಿದವಳು ಎಂದು ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಹೆಸರು ಬರುವುದೆಂದರೆ ಸಣ್ಣ ಮಾತೇ?

ನಾನು ಸೀಮೆಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ಒದ್ದೆಯಾಗಿದ್ದ ನನ್ನ ಬೂಟನ್ನು ಬಂಡೆಯ ಹಿಂದಕ್ಕೆ ಸರಿಸಿದೆ.

ಮೇ ೯, ಗುರುವಾರ

ತೀರ್ಮಾನವಾಯಿತು. ಜೂನ್ ವರೆಗೆ ಯಾರು ಕಾಯುತ್ತಾರೆ? ಹದಿನೇಳೊಂದನ್ನು ಬಿಟ್ಟು ಇಡೀ ಗುಡ್ಡ ಕಡಿಯುವುದು. ಅದರ ಬೀಜದಿಂದ ಸಸಿ ಮಾಡಿ ಪೂರ್ತಿ ನೆಡುವುದು. ಇಪ್ಪತ್ತನೆಯ ತಾರೀಕಿನಿಂದ ಗರಗಸ. ಗುತ್ತಿಗೆದಾರನ ಜನ ಆಗಲೇ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು ಮರಕ್ಕೊಂದು ಕತ್ತರಿ ಗುರುತು ಎಳೆಯುತ್ತಿದ್ದಾರೆ. ಹಸಿ ತುಂಡಿನ ಇಪ್ಪತ್ತಕ್ಕೂ ಎಳೆದರು. ಅವು ಇನ್ನೂ ರಾಳ ಸುರಿಸುತ್ತ ನಿಂತಿವೆ, ಪಾಪ.

ಎಂಥ ಮಹಾವೃಕ್ಷ! ಅದರ ಮಕ್ಕಳೆಲ್ಲ ಗುಡ್ಡ ತುಂಬ ಬೆಳೆಯುತ್ತವೆ. ಮುಂದಿನ ಬರಗಾಲಕ್ಕೆ ನಾನೂರು ಮರ ನನ್ನ ದಾರಿ ಕಾಯುತ್ತ ನಿಲ್ಲುತ್ತವೆ, ಈ ಹೆಂಗಸು ಯಾವಾಗ ಊಟಕ್ಕೆ ಬರುತ್ತಾಳೆ, ಯಾವಾಗ ಪೈಪು ಬಿಡುತ್ತಾಳೆ ಎಂದು. ಅಷ್ಟು ಹೊತ್ತಿಗೆ ನಾನು ಇರುವುದಿಲ್ಲ.

ಮೇ ೧೦, ಶುಕ್ರವಾರ

ಇನ್ನು ಏಳೇ ತಿಂಗಳು. ಬಾಯಿ ಮುಚ್ಚಿಕೊಂಡಿದ್ದರೆ ಹಾರ ಹಾಕಿ ಗಡಿಯಾರ ಕೊಟ್ಟು ಕಳಿಸುತ್ತಾರೆ.

ಮೇ ೧೧, ಶನಿವಾರ

ನಾದಿನಿಯ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ. ಎರಡನೆಯ ಸಲ ಅವಳು ತಲೆಯೆತ್ತಿದಳು. ಎದುರಿನ ಗೋಡೆಯ ಮೇಲಿನ ಜಾಹೀರಾತು ಓದುತ್ತಿರುವಂತೆ ನಿಂತೆ. ಕೊಳವೆ ಬಾವಿ ಕೊರೆಯುವವರದು. ಪೂರ್ತಿ ಬಾಯಿಪಾಠವಾಗಿದೆ.

ಮೇ ೧೩, ಸೋಮವಾರ

ಹೇಳಿಬಿಟ್ಟೆ.

ಬೆಳಿಗ್ಗೆ ನಿರ್ದೇಶಕರ ಕೋಣೆಯಲ್ಲಿ ಸಭೆ. ಅವರು, ಮೇಡಂ, ಗುತ್ತಿಗೆದಾರ, ಇಬ್ಬರು ಗುಮಾಸ್ತರು, ಕೊನೆಯ ಕುರ್ಚಿಯಲ್ಲಿ ನಾನು. ಪತ್ರಿಕೆಯವರಿಗೆ ಕೊಡುವ ಹೇಳಿಕೆಯನ್ನು ನಿರ್ದೇಶಕರು ಓದಿದರು. ‘ಪರಿಸ್ಥಿತಿಯನ್ನೇ ಮೀರಿ ನಿಂತ ವೃಕ್ಷ’ ಅಂತೆ. ಯಾರಿಗಾದರೂ ಏನಾದರೂ ಸೇರಿಸುವುದಿದೆಯೇ ಎಂದು ಕೇಳಿದರು, ಇಲ್ಲವೆಂಬ ಉತ್ತರ ಬಯಸುವವರ ದನಿಯಲ್ಲಿ.

“ಅದಕ್ಕೆ ನೀರು ಬಿಟ್ಟಿದ್ದೀನಿ ಸರ್” ಎಂದೆ.

ಎಲ್ಲರೂ ನಕ್ಕರು. ನಿರ್ದೇಶಕರಂತೂ ಮೇಜು ಕುಟ್ಟಿ ನಕ್ಕರು. “ಇವರ ಮಾತೇ ಹೀಗೆ. ಹೋದ ವರ್ಷ ನನಗೆ ಬಡ್ತಿ ಬಂದಾಗ ಮರಗಳೆಲ್ಲ ದುಃಖದಲ್ಲಿವೆ ಅಂದಿದ್ರು.”

“ಸರ್, ತಮಾಷೆಯಲ್ಲ.”

ಇನ್ನೂ ಜೋರಾಗಿ ನಕ್ಕರು. ಗುಮಾಸ್ತನೊಬ್ಬ ಕಣ್ಣೊರೆಸಿಕೊಂಡ. ಇಪ್ಪತ್ತೊಂಬತ್ತು ವರ್ಷ ನಾನು ಈ ಕಟ್ಟಡದಲ್ಲಿ ಒಂದು ಮಾತನ್ನೂ ನೆಟ್ಟಗೆ ಆಡಿದವಳಲ್ಲ. ಇವತ್ತು ನೆಟ್ಟಗೆ ಆಡಿದರೆ ಅದರಲ್ಲಿ ಕೊಂಕು ಹುಡುಕುತ್ತಿದ್ದಾರೆ. ಅವರದೇನು ತಪ್ಪು? ಮಾಡಿದ್ದುಣ್ಣೋ ಮಹರಾಯ.

ಎದ್ದು ನಿಂತೆ. “ಮಾರ್ಚ್ ಹತ್ತೊಂಬತ್ತರಿಂದ ಬಿಟ್ಟಿದ್ದೀನಿ. ಮೊದಲು ಅರ್ಧ ಗಂಟೆ, ಮೂರು ದಿನಕ್ಕೊಂದ್ಸಲ. ಆಮೇಲೆ ಒಂದು ಗಂಟೆ. ಏಪ್ರಿಲ್ ಕೊನೆಯಿಂದ ದಿನಾ. ಮೊದಲು ಮೆಟ್ಟಿಲು ಹತ್ತೋ ಸೋಮಾರಿತನಕ್ಕೆ. ಆಮೇಲೆ ಬೇಕಂತ್ಲೇ. ಅದು ಜಾತಿ ಮರ ಅಲ್ಲ, ಪಕ್ಕದ ಹದಿನಾರರ ಥರದ್ದೇ. ಹದಿನಾರಕ್ಕೆ ಬಿಟ್ಟಿದ್ರೆ ಅದೂ ನಿಂತಿರ್ತಿತ್ತು.”

ಮೇಡಂ ನಗುತ್ತಿರಲಿಲ್ಲ. ಅವರ ಮುಖದಿಂದ ಬಣ್ಣ ಇಳಿದದ್ದನ್ನು ನಾನು ನೋಡಿದೆ. “ನೀವು ದಿನಾ ನನ್ನ ಪಕ್ಕದಲ್ಲೇ ನಿಂತು ಬರ್ಕೋತಿದ್ರಿ” ಎಂದರು. “ಒಂದು ಮಾತು ಹೇಳ್ಬಹುದಿತ್ತು.”

“ಹೇಳ್ಬೇಕಿತ್ತು” ಎಂದೆ.

ನಿರ್ದೇಶಕರಿಗೆ ಕೋಪ ಬಂದದ್ದು ತಡವಾಗಿ, ಆದರೆ ಬಂತು. ನಿವೃತ್ತಿಯ ಹೊತ್ತಿಗೆ ಹೊಟ್ಟೆಕಿಚ್ಚು ಎಂದರು. ವಿಚಾರಣೆ ಎಂದರು. ಈ ಹೆಂಗಸಿನ ಮಾತಿಗೆ ಸಾಕ್ಷಿಯೇನು ಎಂದರು. ಮೇಡಂ ಅಂಕಿಯ ಹಾಳೆ ಮಡಚಿಟ್ಟು ಹೇಳಿದರು: “ಸಾಕ್ಷಿ ಸುಲಭ ಸರ್. ನೀರು ನಿಲ್ಲಿಸೋಣ. ಒಂದು ತಿಂಗಳು. ಹುಟ್ಟುಗುಣ ಆದ್ರೆ ನಿಂತಿರುತ್ತೆ. ಇವರು ಹೇಳಿದ್ದು ನಿಜ ಆದ್ರೆ ಹುಳ ಹೋಗುತ್ತೆ ಒಳಗೆ. ಅಲ್ಲೀವರೆಗೆ ಗರಗಸ ಬೇಡ.”

ನಿರ್ದೇಶಕರು ಒಪ್ಪಿದರು, ಗೆಲ್ಲುತ್ತೇನೆಂಬ ಭರವಸೆಯಿಂದ. ನಲ್ಲಿಯ ಬೀಗದ ಕೈ ಮೇಡಂ ಇಟ್ಟುಕೊಂಡರು. ದಿನಾ ತೂಕ ತೆಗೆಯುವ ಕೆಲಸ ಮಾತ್ರ ನನಗೇ. ಹೊಸಬರಿಗೆ ಕಲಿಸಲು ಈಗ ಸಮಯವಿಲ್ಲವಂತೆ.

ಮನೆಗೆ ಬಂದು ಕೂತ ಮೇಲೆ ಅರ್ಥವಾಯಿತು. ಹದಿನೇಳು ಬದುಕಿದರೆ ನಾನು ಸುಳ್ಳಿ, ಇಡೀ ಗುಡ್ಡ ಹೋಯಿತು. ಗುಡ್ಡ ಉಳಿಯಬೇಕಾದರೆ ಅದು ಸಾಯಬೇಕು.

ಮೇ ೨೦, ಸೋಮವಾರ

ಐದೂವರೆ ಗ್ರಾಂ. ಇನ್ನೂ ಹಟ ಬಿಟ್ಟಿಲ್ಲ. ಊಟ ಬೇರೆ ಕಡೆ ಮಾಡಿದೆ, ತೊಟ್ಟಿಯ ಹತ್ತಿರ, ಮೆಟ್ಟಿಲ ಮೇಲೆ. ಮಂಡಿ ಸುಮ್ಮನೆ ಹತ್ತಿತು.

ಮೇ ೨೭, ಸೋಮವಾರ

ನಾಲ್ಕು. ನಿರ್ದೇಶಕರು ಫೋನಿನಲ್ಲಿ, “ನಿಂತಿದೆ ತಾನೇ?” ಎಂದು ಕೇಳಿದರು. “ನಿಂತಿದೆ ಸರ್, ಬೇರು ಇರೋವರೆಗೂ ಮರ ನಿಂತೇ ಇರುತ್ತೆ” ಎಂದೆ. ಹಳೆಯ ಚಾಳಿ ಪೂರ್ತಿ ಹೋಗಿಲ್ಲ.

ಮೇಡಂ ನನ್ನ ಜೊತೆ ಅಂಕಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಹದಿನೇಳರ ಬಗ್ಗೆ ಅವರು ಕಳಿಸಿದ್ದ ವರದಿ ವಾಪಸು ಬಂದಿದೆ. ಬೈದರೆ ವಾಸಿಯಿತ್ತು.

ಜೂನ್ ೩, ಸೋಮವಾರ

ಎರಡು ಗ್ರಾಂಗೂ ಕಮ್ಮಿ. ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಹುಳ ಬೇಗ ಬರಲಿ ಎಂದುಕೊಳ್ಳುತ್ತೇನೆ. ಅದರ ಎದುರು ನಿಂತಾಗ ಬರದಿರಲಿ ಎಂದುಕೊಳ್ಳುತ್ತೇನೆ. ನನ್ನ ನೀರಿನ ಬಾಟಲಿಯನ್ನು ಇವತ್ತು ಆಫೀಸಿನಲ್ಲೇ ಬಿಟ್ಟು ಹೋದೆ. ಮೇಲೆ ಒಯ್ದರೆ ನನ್ನ ಕೈಯನ್ನು ನಾನೇ ನಂಬುವ ಹಾಗಿಲ್ಲ.

ಜೂನ್ ೫, ಬುಧವಾರ

ನಾದಿನಿ ಗುಡ್ಡಕ್ಕೆ ಬಂದಳು. ಕಾವಲುಗಾರರ ಸಮವಸ್ತ್ರ ಹೊಲಿಯುವವಳು ಅವಳೇ ಆದ್ದರಿಂದ ಆಫೀಸಿನ ಸುದ್ದಿಯೆಲ್ಲ ಅಳತೆ ಟೇಪಿನ ಜೊತೆಗೇ ಅವಳಿಗೆ ತಲುಪುತ್ತದೆ. ಏದುಸಿರು ಬಿಡುತ್ತ ಬಂಡೆಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅತ್ತಿಗೆ, ಮೀಟಿಂಗಲ್ಲಿ ಎಲ್ಲರ ಮುಂದೆ ನಿಜ ಹೇಳಿದ್ರಂತೆ. ಮೈ ಹುಷಾರಿದೆ ತಾನೇ?”

ನನ್ನ ಕೊಂಕನ್ನು ನನಗೇ ತಿರುಗಿಸುವುದು ಯಾವಾಗ ಕಲಿತಳೋ. ನಾಲ್ಕು ಉತ್ತರ ನಾಲಿಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಚೂಪು. ಯಾವುದನ್ನೂ ಆಡಲು ಮನಸ್ಸಾಗಲಿಲ್ಲ, ಸುಸ್ತಾಗಿರಬೇಕು.

“ಅವತ್ತು ಅವರಿಗೆ ಹಾಗಂದಿದ್ದು ತಪ್ಪು” ಎಂದೆ. “ನೀನು ಹೋಗಿಬಿಡ್ತೀಯ ಅಂತ ಹೆದರಿಕೆಯಾಗಿತ್ತು.”

ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು. “ಹೆದರಿಕೆ ಆಗಿದ್ರೆ ಹೆದರಿಕೆ ಆಗ್ತಿದೆ ಅನ್ನಬೇಕಿತ್ತು. ಇಪ್ಪತ್ತಾರು ವರ್ಷ ಒಂದ್ಸಲನೂ ಅಂದಿಲ್ಲ ನೀವು.”

“ಇಲ್ಲ.”

“ಅವರು ಈಗ್ಲೂ ಚಹಾಕ್ಕೆ ಬರ್ತಾರೆ, ಅಂಗಡಿಗೆ. ಮುಂದಿನ ತಿಂಗಳು ಮದುವೆ. ಮನೆಗೆ ವಾಪಸು ಬರಲ್ಲ ಅತ್ತಿಗೆ, ಅದು ಆಗದ ಮಾತು.”

“ಆಗ್ಲಿ. ಮದುವೆಗೆ ಕರೀತೀಯಾ?”

“ಬಾಯಿಗೆ ಹೊಲಿಗೆ ಹಾಕಿ ಕರ್ಕೊಂಡು ಹೋಗ್ತೀನಿ” ಎಂದಳು, ಆಗ ಇಬ್ಬರಿಗೂ ನಗು ಬಂತು. ಆಮೇಲೆ ನನಗೆ ಅಳು ಬಂತು, ನಿಲ್ಲಲೇ ಇಲ್ಲ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, ಯಾವ ಮರ ಎಂದು ಕೇಳಿದಳು. ತೋರಿಸಿದೆ. “ಚೆನ್ನಾಗಿದೆಯಲ್ಲ” ಎಂದಳು. ಎತ್ತರದ ಟೊಂಗೆಗಳ ಎಲೆ ಬಣ್ಣಗೆಟ್ಟಿದ್ದು ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ.

ಜೂನ್ ೮, ಶನಿವಾರ

ಬುಡದಲ್ಲಿ ಕಂದು ಪುಡಿ. ಬೆರಳಿಂದ ಒರೆಸಿದೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಮತ್ತೆ ಬಿದ್ದಿತ್ತು. ಒರೆಸಿದ್ದನ್ನೂ ಬರೆದು ಕೊಟ್ಟೆ.

ಜೂನ್ ೧೨, ಬುಧವಾರ

ನಿರ್ದೇಶಕರು ಬಂದರು. ಮರದ ಸುತ್ತ ಒಂದು ಸುತ್ತು ಬಂದರು, ಪುಡಿ ಮುಟ್ಟಿದರು. ಈ ಸಲ ಬೆರಳಿಗೆ ಏನೂ ಅಂಟಲಿಲ್ಲ. “ನೀರೇ ಕಾರಣ ಅಂತಾಯ್ತು. ಮೂರಕ್ಕೊಂದೇ ಕಡೀರಿ ಹಾಗಾದ್ರೆ” ಎಂದು ಮೇಡಂಗೆ ಹೇಳಿ, ನನ್ನ ಮುಖ ನೋಡದೆ ಕಾರು ಹತ್ತಿದರು. ನನ್ನ ವಿಚಾರಣೆ ಸೋಮವಾರ ಇದೆ. ಗುತ್ತಿಗೆದಾರನ ಜನ ಉಳಿಯುವ ಮರಗಳ ಮೇಲಿನ ಕೆಂಪು ಗುರುತನ್ನು ಕೆರೆಯಲು ಶುರುಮಾಡಿದರು. ಇನ್ನೂರ ಎಂಬತ್ತು ಮರ ಉಳಿಯುತ್ತವೆ.

ಹದಿನೇಳನ್ನು ಇವತ್ತೇ ಕಡಿಯಬೇಕು. ಒಳಗಿರುವ ಮೊಟ್ಟೆ ಹುಳವಾಗಿ ಹಾರುವ ಮೊದಲು ತೊಗಟೆ ಸುಲಿದು ಸುಡಬೇಕು. ಸತ್ತ ಮರಕ್ಕೊಂದು ಹಾಳೆ ಇರುತ್ತದೆ. ಮೇಡಂ ಅದನ್ನು ನನ್ನ ಕೈಗೆ ಕೊಟ್ಟು, ಒಂದು ತಿಂಗಳಲ್ಲಿ ಮೊದಲ ಬಾರಿ ಅಂಕಿಯಲ್ಲದ ಮಾತಾಡಿದರು. “ಕಾರಣ ಅನ್ನೋ ಕಡೆ ಹುಳ ಅಂತ ಬರೀರಿ ಸಾಕಮ್ಮ. ಎಲ್ಲದಕ್ಕೂ ಹಾಗೇ ಬರ್ದಿರೋದು.”

ಬಂಡೆಯ ಮೇಲೆ ಕೂತು ಬರೆದೆ. ಮರದ ನಂಬರು: ಹದಿನೇಳು. ರಾಳ: ಇಲ್ಲ. ಕಾರಣ: ಐವತ್ತೈದು ದಿನ ನೀರು ಕೊಟ್ಟು, ಆಮೇಲೆ ನಿಲ್ಲಿಸಿದ್ದು. ಕೊಟ್ಟವರು, ನಿಲ್ಲುವಂತೆ ಮಾಡಿದವರು: ನಾನು.

ಮೇಡಂ ಓದಿದರು. ತಿದ್ದಿ ಎನ್ನಲಿಲ್ಲ. ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.

ಅಳತೆಯವರು ಹೇಳುವವರೆಗೆ ಗರಗಸ ಇಡುವಂತಿಲ್ಲ, ಅದು ನಿಯಮ. ಗುತ್ತಿಗೆದಾರನ ಇಬ್ಬರು ಆಳುಗಳು ಗರಗಸ ಹಿಡಿದು ನನ್ನ ಕಡೆ ನೋಡುತ್ತ ನಿಂತಿದ್ದರು. ತೊಗಟೆಯ ಮೇಲೆ ಒಮ್ಮೆ ಕೈಯಿಟ್ಟೆ, ಬಿಸಿಲಿಗೆ ಕಾದಿತ್ತು.

“ಹೂಂ” ಎಂದೆ.